ನೇಪಲ್ಸ್ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಗೆ ಹೊರಟವರು ಫೋನಿನಲ್ಲಿ, ಪತ್ರದಲ್ಲಿ, ಮದುವೆಮನೆಯ ಊಟದ ಸಾಲಿನಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಸಾಕು.

## ಹೊರಡುವ ಮುಂಚೆ

ರೋಮ್, ವೆನಿಸ್, ಫ್ಲಾರೆನ್ಸ್ ಎಲ್ಲಾ ಇರುವಾಗ ನೇಪಲ್ಸೇ ಯಾಕೆ?

ಬೇರೆ ಕಡೆ ಹಳೆಯದಕ್ಕೆ ಬೇಲಿ ಹಾಕಿ ಟಿಕೆಟ್ ಇಟ್ಟಿರುತ್ತಾರೆ. ಇಲ್ಲಿ ಜನ ಅದರೊಳಗೇ ಸಂಸಾರ ಮಾಡುತ್ತಿದ್ದಾರೆ. ಕ್ರಿಸ್ತಪೂರ್ವದಲ್ಲಿ ಗ್ರೀಕರು ಕಟ್ಟಿ ‘ನೆಯಾಪೊಲಿಸ್’, ಅಂದರೆ ‘ಹೊಸ ಊರು’ ಎಂದು ಕರೆದ ಪಟ್ಟಣ ಇದು. ಅವರು ಎಳೆದ ಬೀದಿಗಳ ಗೆರೆಯ ಮೇಲೇ ಇವತ್ತೂ ತರಕಾರಿ ಗಾಡಿ ನಿಲ್ಲುತ್ತದೆ, ಸ್ಕೂಟರು ನುಗ್ಗುತ್ತದೆ, ನಾಲ್ಕನೇ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಕೆಳಗಿಳಿಯುತ್ತದೆ. ಹಳೆಯ ಊರು 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪೂರ್ವಕ್ಕೆ ವೆಸೂವಿಯಸ್, ಪಶ್ಚಿಮಕ್ಕೆ ಇನ್ನೊಂದು ಜ್ವಾಲಾಮುಖಿ, ಎದುರಿಗೆ ಕೊಲ್ಲಿ.

ಒಂದು ವಿಷಯ ನೆನಪಿರಲಿ. ರೈಲಿನ ಬೋರ್ಡಿನಲ್ಲಿ, ಟಿಕೆಟಿನಲ್ಲಿ ‘ನೇಪಲ್ಸ್’ ಅಂತ ಇರುವುದಿಲ್ಲ, ‘ನಾಪೊಲಿ’ ಅಂತಿರುತ್ತದೆ.

ರೋಮಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬಂದ್ರೆ ಸಾಲಲ್ವಾ?

ಸಾಲುವುದಿಲ್ಲ. ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ ಅಷ್ಟೇ ಎಂದು ಬಹಳ ಜನ ಹೀಗೆ ಮಾಡುತ್ತಾರೆ. ಸ್ಟೇಷನ್ನಿನಲ್ಲಿ ಇಳಿದು, ವೆಸೂವಿಯಸ್ ಬೂದಿಯಲ್ಲಿ ಹೂತುಹೋದ ಹಳೆಯ ರೋಮನ್ ಊರು ಪಾಂಪೇಗೆ ಓಡುತ್ತಾರೆ, ಬಿಸಿಲಿನಲ್ಲಿ ಮೂರು ಗಂಟೆ ನಡೆಯುತ್ತಾರೆ, ಒಂದು ಪಿಜ್ಜಾ ತಿಂದು ರೈಲು ಹತ್ತುತ್ತಾರೆ. ನೇಪಲ್ಸ್ ನೋಡಿದೆವು ಎನ್ನುತ್ತಾರೆ, ನೋಡಿದ್ದು ಸ್ಟೇಷನ್ ಮುಂದಿನ ಗದ್ದಲವನ್ನು ಮಾತ್ರ.

ಕನಿಷ್ಠ ನಾಲ್ಕು ರಾತ್ರಿ ಕೊಡಿ. ಊರಿಗೆ ಎರಡು ದಿನ, ಪಾಂಪೇಗೆ ಒಂದು ದಿನ, ಮಿಕ್ಕ ದಿನ ಮ್ಯೂಸಿಯಮ್ಮಿಗೋ ದ್ವೀಪಕ್ಕೋ. ಹತ್ತು ದಿನದ ಇಟಲಿ ಪ್ರವಾಸವಾದರೆ ಐದು ಊರು ಬೇಡ, ಎರಡೇ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೂಟ್‌ಕೇಸ್ ಬಿಚ್ಚಿ ಕಟ್ಟುವುದರಲ್ಲೇ ರಜೆ ಕಳೆಯಬಾರದು.

ಯಾವ ತಿಂಗಳು ಒಳ್ಳೇದು?

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಇಲ್ಲವೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ನಮ್ಮ ಮಕ್ಕಳ ಬೇಸಿಗೆ ರಜೆಗೆ ಮೇ ಚೆನ್ನಾಗಿ ಹೊಂದುತ್ತದೆ, ದಸರಾ ರಜೆಗೆ ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಪಾಂಪೇಯ ಕಲ್ಲುಹಾಸು ಕಾದ ಕಾವಲಿಯಂತಿರುತ್ತದೆ, ನೆರಳು ಬಹಳ ಕಡಿಮೆ. ಆಗಸ್ಟ್ 15ರ ಆಸುಪಾಸು ‘ಫೆರಾಗೊಸ್ತೊ’ ಎಂಬ ದೊಡ್ಡ ರಜೆ, ಊರಿನ ಎಷ್ಟೋ ಸಣ್ಣ ಅಂಗಡಿ, ಹೋಟೆಲುಗಳು ಮುಚ್ಚಿರುತ್ತವೆ. ನವೆಂಬರಿನಲ್ಲಿ ಮಳೆ. ಡಿಸೆಂಬರಿಗೆ ಅದರದೇ ಸೊಗಸು: ಸಾನ್ ಗ್ರೆಗೋರಿಯೊ ಅರ್ಮೇನೊ ಎಂಬ ಓಣಿಯಲ್ಲಿ ಕ್ರಿಸ್ಮಸ್ ಗೋದಲಿಯ ಗೊಂಬೆಗಳನ್ನು ಮಾಡಿ ಮಾರುತ್ತಾರೆ. ದಸರಾ ಗೊಂಬೆ ಕೂರಿಸುವ ಮನೆಯವರು ಆ ಓಣಿಯಿಂದ ಬೇಗ ಹೊರಬರಲಾರರು.

ವೀಸಾಕ್ಕೆ ಎಷ್ಟು ಮುಂಚೆ ಅರ್ಜಿ ಹಾಕ್ಬೇಕು?

ಬೇಕಾದ್ದು ಶೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಅದೊಂದೇ ಸಾಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕೊನೆಯ ಗಡುವು 15 ದಿನ. ಆ ಗಡುವನ್ನು ನಂಬಿ ಕೂರಬೇಡಿ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನವಾದರೂ ನಿಯಮದ ಪ್ರಕಾರ 45 ದಿನದವರೆಗೂ ಎಳೆಯಬಹುದು. ಬೇಸಿಗೆ ರಜೆಯ ಹೊತ್ತಿನಲ್ಲಿ ಅರ್ಜಿ ಕೊಡಲು ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮೂರು ತಿಂಗಳು ಮುಂಚೆ ಶುರುಮಾಡಿದರೆ ನೆಮ್ಮದಿ.

2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನವರಿಗೆ 45, ಆರು ತುಂಬದ ಮಕ್ಕಳಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಎರಡು ಮೂರು ದೇಶ ಸುತ್ತುವುದಾದರೆ ಹೆಚ್ಚು ದಿನ ಇರುವ ದೇಶದ ಮೂಲಕವೇ ಅರ್ಜಿ ಹಾಕಬೇಕು. ನಿಮ್ಮ ದಿನಗಳ ಲೆಕ್ಕ, ಹೋಟೆಲ್ ಬುಕಿಂಗ್, ವಿಮಾನದ ತಾರೀಖು ಒಂದಕ್ಕೊಂದು ತಾಳೆಯಾಗಲಿ.

ಬೆಂಗಳೂರಿಂದ ನೇರ ವಿಮಾನ ಇದ್ಯಾ?

ಇಲ್ಲ. ದುಬೈ, ದೋಹಾ, ಇಸ್ತಾಂಬುಲ್, ಫ್ರಾಂಕ್‌ಫರ್ಟ್ ಇಂಥ ಕಡೆ ಬದಲಿಸಿ ಹೋಗಬೇಕು. ರೋಮ್‌ಗೆ ಇಳಿದು ರೈಲು ಹಿಡಿಯುವುದು ಅನೇಕ ಸಲ ಅಗ್ಗವಾಗುತ್ತದೆ. ನೇಪಲ್ಸ್ ವಿಮಾನ ನಿಲ್ದಾಣ ಕಪೋದಿಕೀನೊ ಊರಿಗೆ ಬಹಳ ಹತ್ತಿರ. ಅಲ್ಲಿಂದ ‘ಅಲಿಬಸ್’ ಎಂಬ ಬಸ್ಸು ರೈಲ್ವೆ ಸ್ಟೇಷನ್ನಿಗೂ ಬಂದರಿಗೂ ಹೋಗುತ್ತದೆ.

ರೂಮ್ ಎಲ್ಲಿ ಮಾಡೋದು?

ಮೊದಲ ಸಲ ಹೋಗುವವರಿಗೆ ಹಳೆಯ ಊರು, ‘ಚೆಂತ್ರೊ ಸ್ತೋರಿಕೊ’. ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತದೆ, ಆದರೆ ರಾತ್ರಿ ಒಂದು ಗಂಟೆಯವರೆಗೂ ಮಾತು, ಹಾಡು, ಸ್ಕೂಟರು. ನಿದ್ದೆ ಸೂಕ್ಷ್ಮವಾದವರು ಸಮುದ್ರದ ಕಡೆಯ ಕಿಯಾಯಾ ಅಥವಾ ಗುಡ್ಡದ ಮೇಲಿನ ವೊಮೆರೊ ನೋಡಿ. ಗರಿಬಾಲ್ಡಿ ಚೌಕದ ಸುತ್ತ, ಅಂದರೆ ರೈಲ್ವೆ ಸ್ಟೇಷನ್ ಹತ್ತಿರ, ಬಾಡಿಗೆ ಕಡಿಮೆ. ರಾತ್ರಿ ಹೊತ್ತು ಅಲ್ಲಿ ಅಷ್ಟು ಹಿತವಿಲ್ಲ.

ಬುಕ್ ಮಾಡುವ ಮುನ್ನ ಲಿಫ್ಟ್ ಇದೆಯೇ ಎಂದು ಕೇಳಲೇಬೇಕು. ಹಳೆಯ ಕಟ್ಟಡಗಳಲ್ಲಿ ಒಂದೊಂದು ಮಹಡಿಯೂ ನಮ್ಮ ಒಂದೂವರೆ ಮಹಡಿಯಷ್ಟು ಎತ್ತರ. ಕೆಲವು ಕಡೆ ಲಿಫ್ಟಿಗೆ ನಾಣ್ಯ ಹಾಕಬೇಕು.

## ಊರೊಳಗೆ

ನೇಪಲ್ಸ್ ಅಪಾಯದ ಊರಂತೆ, ಹೌದಾ?

ಪ್ರವಾಸಿಗಳಿಗೆ ಇಲ್ಲಿ ಇರುವ ಭಯ ಜೇಬುಗಳ್ಳರದು. ಗಿಜಿಗುಡುವ ರೈಲು, ಮೆಟ್ರೊ, ಬಸ್ಸಿನಲ್ಲಿ ಬ್ಯಾಗು ಎದೆಯ ಮುಂದಿರಲಿ. ಪಾಸ್‌ಪೋರ್ಟ್ ರೂಮಿನಲ್ಲಿಟ್ಟು ನಕಲು ಒಯ್ಯಿರಿ. ರಸ್ತೆ ಬದಿಯಲ್ಲಿ ನಡೆಯುವಾಗ ಕೈಚೀಲ ಗೋಡೆಯ ಕಡೆಯ ಹೆಗಲಿಗೆ ಇದ್ದರೆ ಸ್ಕೂಟರಿನವರು ಕಸಿಯುವ ಭಯ ಇಲ್ಲ. ರಸ್ತೆ ದಾಟುವುದನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ: ಕೈ ತೋರಿಸಿ, ಒಂದೇ ಸಮ ನಡೆಯಿರಿ, ಅರ್ಧದಲ್ಲಿ ಹಿಂದೆ ಸರಿಯಬೇಡಿ.

ದಾರಿ ಕೇಳಿದರೆ ಕೈಹಿಡಿದು ಕರೆದುಕೊಂಡು ಹೋಗುವ ಜನ ಇವರು. ಊರಿನ ಹೆಸರು ಕೆಟ್ಟಿದೆಯೆಂದು ಇದನ್ನು ಪಟ್ಟಿಯಿಂದ ತೆಗೆಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಓಡಾಡೋಕೆ ಏನು ಮಾಡೋದು?

ನಡೆಯುವುದು. ಗುಡ್ಡ ಹತ್ತಲು ಫ್ಯುನಿಕೊಲಾರೆ, ಅಂದರೆ ಕೇಬಲ್ಲು ಎಳೆಯುವ ರೈಲು. ಊರಲ್ಲಿ ನಾಲ್ಕು ಮಾರ್ಗಗಳಿವೆ. ಮೆಟ್ರೊ ಒಂದನೇ ಮಾರ್ಗದ ಸ್ಟೇಷನ್ನುಗಳನ್ನು ಕಲಾವಿದರಿಂದ ಮಾಡಿಸಿದ್ದಾರೆ. 2012ರಲ್ಲಿ ತೆರೆದ ತೊಲೇದೊ ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ಇಳಿಯುವಾಗ ತಲೆ ಎತ್ತಿ ನೋಡಿ, ನೀಲಿ ಚೂರುಗಳ ನಡುವೆ ಸಮುದ್ರದಡಿಗೆ ಇಳಿದ ಹಾಗಿರುತ್ತದೆ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಹಾಕಿಸಲು ಮರೆಯಬೇಡಿ. ಟಿಕೆಟ್ ಇದ್ದರೂ ಮುದ್ರೆ ಇಲ್ಲದಿದ್ದರೆ ದಂಡ.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಯುರೋಪಿನಲ್ಲಿ ನಮ್ಮವರಿಗೆ ಇಷ್ಟು ಹೊಂದುವ ಊರು ಕಡಿಮೆ. ನೇಪಲ್ಸ್ ಪಿಜ್ಜಾದ ಹಿಟ್ಟಿನಲ್ಲಿ ಇರುವುದು ಮೈದಾ, ನೀರು, ಉಪ್ಪು, ಯೀಸ್ಟ್, ಅಷ್ಟೇ. ಕಟ್ಟಿಗೆ ಉರಿಯ ಒಲೆಯಲ್ಲಿ ಒಂದು, ಒಂದೂವರೆ ನಿಮಿಷದಲ್ಲಿ ಬೇಯುತ್ತದೆ. ನಡುವೆ ಮೆತ್ತಗೆ, ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ. ಇದನ್ನು ತಟ್ಟುವ ವಿದ್ಯೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಪರಂಪರೆ ಎಂದು ಗುರುತಿಸಿತು.

‘ಮರಿನಾರಾ’ ಎಂಬ ಹೆಸರು ಕೇಳಿ ಮೀನು ಎಂದು ಹೆದರಬೇಡಿ. ಅದರಲ್ಲಿ ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಮಾತ್ರ. ಚೀಸ್ ಸಹ ಇಲ್ಲ. ‘ಮಾರ್ಗೆರೀಟಾ’ದಲ್ಲಿ ಟೊಮೇಟೊ, ಚೀಸ್, ತುಳಸಿಯ ಸೋದರಿ ಬೆಸಿಲ್. ಚೀಸಿನ ಬಗ್ಗೆ ಒಂದು ಮಾತು ಹೇಳಲೇಬೇಕು: ಇಟಲಿಯ ಬಹುಪಾಲು ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲು ಹೆಪ್ಪಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪಾರ್ಮೆಜಾನೊದಲ್ಲಿ ಅದು ಖಂಡಿತ ಇರುತ್ತದೆ. ಇದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಮರಿನಾರಾವೇ ನಿಮ್ಮ ಪಿಜ್ಜಾ.

ಇನ್ನೊಂದು ಎಚ್ಚರ ಹಂದಿ ಕೊಬ್ಬಿನದು. ‘ತರಾಲ್ಲಿ’ ಎಂಬ ಮೆಣಸಿನ ಬಳೆ ನಮ್ಮ ಕೋಡುಬಳೆಯ ಹಾಗೇ ಕಾಣುತ್ತದೆ, ಆದರೆ ನೇಪಲ್ಸಿನದು ಹಂದಿ ಕೊಬ್ಬು ಹಾಕಿ ಮಾಡಿದ್ದು. ಪದರ ಪದರವಾದ ‘ಸ್ಫೋಲ್ಯಾತೆಲ್ಲಾ’ ಸಿಹಿಯಲ್ಲೂ ಸಂಪ್ರದಾಯದಂತೆ ಅದೇ ಕೊಬ್ಬು. ಹುರುಳಿಕಾಯಿ ಬೀಜದ ಪಾಸ್ತಾ, ಆಲೂಗಡ್ಡೆ ಪಾಸ್ತಾಗಳಲ್ಲೂ ಒಗ್ಗರಣೆಗೆ ಹಂದಿ ಮಾಂಸದ ಚೂರು ಬೀಳುವುದುಂಟು. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ, ಸೆಂತ್ಸಾ ಸ್ತ್ರುತ್ತೊ’ (ಮಾಂಸ ಬೇಡ, ಮೀನು ಬೇಡ, ಹಂದಿ ಕೊಬ್ಬು ಬೇಡ) ಎಂದು ಬಾಯಿಪಾಠ ಮಾಡಿಕೊಳ್ಳಿ.

ನಿಶ್ಚಿಂತೆಯಿಂದ ಕೇಳಬಹುದಾದವು: ತುಸು ಕಹಿಯಾದ ‘ಫ್ರಿಯಾರಿಯೆಲ್ಲಿ’ ಸೊಪ್ಪಿನ ಪಲ್ಯ, ಹುರಿದ ಜುಕಿನಿಗೆ ವಿನಿಗರ್, ಪುದೀನ ಸೇರಿಸಿದ ‘ಸ್ಕಾಪೇಚೆ’. ಕೊಬ್ಬಿನ ಸಿಹಿ ಬೇಡವೆಂದು ‘ಬಬಾ’ ಎಂಬ ಕೇಕು ಕೊಳ್ಳುವವರು ಅದು ರಮ್ಮಿನಲ್ಲಿ ನೆನೆದಿರುತ್ತದೆ ಎಂದು ತಿಳಿದಿರಲಿ.

ಕಾಫಿ ಹೇಗಿರತ್ತೆ? ನಮ್ಮ ಫಿಲ್ಟರ್ ಕಾಫಿ ಥರ ಸಿಗತ್ತಾ?

ಸಿಗುವುದು ಎರಡು ಗುಟುಕಿನ ಗಟ್ಟಿ, ಕಪ್ಪು ಕಾಫಿ. ಕೌಂಟರಿನಲ್ಲಿ ನಿಂತೇ ಕುಡಿಯುತ್ತಾರೆ, ಕೂತರೆ ಬೆಲೆ ಹೆಚ್ಚು. ಜೊತೆಗೆ ಕೊಡುವ ನೀರನ್ನು ಮೊದಲು ಕುಡಿಯುವುದು ಪದ್ಧತಿ. ಹಾಲಿನ ಕಾಫಿ ಬೇಕಾದರೆ ‘ಕಫೆಲಾತ್ತೆ’ ಎನ್ನಿ. ಬರೀ ‘ಲಾತ್ತೆ’ ಎಂದರೆ ಒಂದು ಲೋಟ ಹಾಲು ಬರುತ್ತದೆ. ಇಲ್ಲಿನ ಮನೆಗಳ ಹಳೆಯ ‘ಕುಕ್ಕುಮೆಲ್ಲಾ’ ಪಾತ್ರೆಯನ್ನು ಅಂಗಡಿಯಲ್ಲಿ ಕಂಡರೆ ಎತ್ತಿ ನೋಡಿ. ನೀರು ಕುದಿದ ಮೇಲೆ ಪಾತ್ರೆಯನ್ನು ತಲೆಕೆಳಗು ಮಾಡಿದರೆ ಡಿಕಾಕ್ಷನ್ ತಾನಾಗಿ ತೊಟ್ಟಿಕ್ಕುತ್ತದೆ, ನಮ್ಮ ಫಿಲ್ಟರಿನ ತತ್ವವೇ.

ಯಾರೋ ತಮ್ಮ ಕಾಫಿಯ ಜೊತೆ ಗುರುತಿಲ್ಲದ ಬಡವರಿಗಾಗಿ ಇನ್ನೊಂದಕ್ಕೂ ದುಡ್ಡು ಕೊಟ್ಟು ಹೋಗುವ ‘ಸೊಸ್ಪೇಸೊ’ ಪದ್ಧತಿ ಹುಟ್ಟಿದ್ದು ಈ ಊರಲ್ಲೇ. ನೀವೂ ಒಂದು ಬಿಟ್ಟು ಬನ್ನಿ.

ಊರಲ್ಲಿ ಎರಡೇ ದಿನ ಇದೆ. ಏನು ಬಿಡಬಾರದು?

ಸ್ಪಾಕ್ಕಾನಾಪೊಲಿ ಎಂಬ ನೇರ ಬೀದಿಯನ್ನು ಕೊನೆಯಿಂದ ಕೊನೆಯವರೆಗೆ ನಡೆಯಿರಿ. ದಾರಿಯಲ್ಲೇ ಸಾಂತಾ ಕಿಯಾರಾ ಮಠ. 1943ರ ಬಾಂಬಿಗೆ ಚರ್ಚು ಸುಟ್ಟರೂ ಬಣ್ಣದ ಹೆಂಚುಗಳ ಅಂಗಳ ಉಳಿದಿದೆ. ಅಲ್ಲಿಂದ ನಾಲ್ಕು ಹೆಜ್ಜೆಗೆ ಸಾನ್‌ಸೆವೆರೊ ಚಾಪೆಲ್. ಜುಸೆಪ್ಪೆ ಸಾನ್‌ಮಾರ್ತೀನೊ 1753ರಲ್ಲಿ ಕೆತ್ತಿದ ಕ್ರಿಸ್ತ ಅಲ್ಲಿ ಮಲಗಿದ್ದಾನೆ. ಮೈಮೇಲಿನ ತೆಳುಬಟ್ಟೆಯೂ ಅಮೃತಶಿಲೆಯೇ. ಬಟ್ಟೆಯೊಳಗಿಂದ ಹಣೆಯ ನರ ಕಾಣುತ್ತದೆ. ಬೇಲೂರಿನ ಕುಸುರಿ ನೋಡಿದ ಕಣ್ಣಿಗೂ ಇದು ಬೇರೆಯೇ ಒಂದು ಅಚ್ಚರಿ. ಫೋಟೊ ತೆಗೆಯುವಂತಿಲ್ಲ, ಟಿಕೆಟ್ ಮುಂಗಡ ಕೊಳ್ಳದೆ ಹೋದರೆ ನಿರಾಸೆ ಖಚಿತ.

ಚಿತ್ರಕಾರ ಕಾರಾವಾಜ್ಜೊ 1607ರಲ್ಲಿ ಬರೆದ ದಯೆಯ ಏಳು ಕಾರ್ಯಗಳ ಚಿತ್ರ ಪಿಯೊ ಮೊಂತೆ ದೆಲ್ಲಾ ಮಿಸೆರಿಕೋರ್ದಿಯಾ ಎಂಬ ಧರ್ಮಸಂಸ್ಥೆಯ ಚರ್ಚಿನಲ್ಲಿ ಇನ್ನೂ ಪೀಠದ ಮೇಲಿದೆ, ಅಲ್ಲಿ ಗದ್ದಲವೂ ಕಡಿಮೆ. ಎರಡನೇ ದಿನ ಸಂಜೆ ವೊಮೆರೊ ಗುಡ್ಡದ ಸಾಂತೆಲ್ಮೊ ಕೋಟೆ ಹತ್ತಿ. ಇಡೀ ಕೊಲ್ಲಿ, ವೆಸೂವಿಯಸ್, ಕತ್ತಿಯಲ್ಲಿ ಸೀಳಿದ ಹಾಗೆ ಕಾಣುವ ಸ್ಪಾಕ್ಕಾನಾಪೊಲಿ ಬೀದಿ.

ರಜೆಯ ವಾರ ನೋಡಿಕೊಳ್ಳಿ: ಪುರಾತತ್ವ ಮ್ಯೂಸಿಯಮ್ಮಿಗೂ ಸಾನ್‌ಸೆವೆರೊಗೂ ಮಂಗಳವಾರ ರಜೆ, ಕಪೋದಿಮೊಂತೆ ಮ್ಯೂಸಿಯಮ್ಮಿಗೆ ಬುಧವಾರ. ಸರ್ಕಾರಿ ಮ್ಯೂಸಿಯಮ್ಮುಗಳಲ್ಲಿ 18 ತುಂಬದವರಿಗೆ ಉಚಿತ, ಯಾವ ದೇಶದವರಾದರೂ ಸರಿ. ವಯಸ್ಸಿನ ದಾಖಲೆ ಜೊತೆಗಿರಲಿ.

## ಜ್ವಾಲಾಮುಖಿಯ ಸುತ್ತ

ಪಾಂಪೇಗೆ ಹೇಗೆ ಹೋಗೋದು, ಎಷ್ಟು ಹೊತ್ತು ಬೇಕು?

ಗರಿಬಾಲ್ಡಿ ಸ್ಟೇಷನ್ನಿನ ಕೆಳಮಹಡಿಯಿಂದ ‘ಚಿರ್ಕುಮ್‌ವೆಸುವಿಯಾನಾ’ ರೈಲು. ಸೊರೆಂತೊ ಕಡೆ ಹೋಗುವುದನ್ನೇ ಹತ್ತಿ, ‘ಪೊಂಪೇಯ್ ಸ್ಕಾವಿ – ವಿಲ್ಲಾ ದೇಯ್ ಮಿಸ್ತೇರಿ’ಯಲ್ಲಿ ಇಳಿಯಿರಿ. ಪಾಂಪೇ ಹೆಸರಿನ ಬೇರೆ ಸ್ಟೇಷನ್ನುಗಳೂ ಇವೆ, ಬಹಳ ಜನ ಅಲ್ಲೇ ಎಡವುವುದು. ಮುಕ್ಕಾಲು ಗಂಟೆಯೊಳಗಿನ ದಾರಿ.

2024ರ ನವೆಂಬರಿನಿಂದ ದಿನಕ್ಕೆ 20,000 ಜನಕ್ಕಷ್ಟೇ ಪ್ರವೇಶ, ಟಿಕೆಟಿನ ಮೇಲೆ ಹೆಸರಿರುತ್ತದೆ. ಹಾಗಾಗಿ ಮುಂಗಡ ಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿರಿ. ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ಟೋಪಿ, ನೀರಿನ ಬಾಟಲಿ ಬೇಕೇ ಬೇಕು. ಒಳಗಿನ ನಲ್ಲಿಗಳಲ್ಲಿ ಕುಡಿಯುವ ನೀರು ಸಿಗುತ್ತದೆ.

ಊರು ಸುಮಾರು 66 ಹೆಕ್ಟೇರ್, ಮೂರನೇ ಒಂದು ಭಾಗ ಇನ್ನೂ ಮಣ್ಣಿನಡಿ ಇದೆ. ಎಲ್ಲಾ ನೋಡುತ್ತೇನೆ ಎಂದು ಹೊರಟರೆ ಏನೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಐದು ಗಂಟೆ ಇಟ್ಟುಕೊಂಡು ಒಂದೇ ಬೀದಿಯನ್ನು, ಅಬ್ಬೊಂದಾಂತ್ಸಾ ಬೀದಿಯನ್ನು, ನಿಧಾನವಾಗಿ ನಡೆಯಿರಿ. ಗಾಡಿಯ ಚಕ್ರ ಸವೆಸಿದ ಗೀರು ಕಲ್ಲಿನ ಮೇಲಿದೆ. ಮಳೆನೀರಲ್ಲಿ ಕಾಲು ನೆನೆಯದಂತೆ ರಸ್ತೆ ದಾಟಲು ಇಟ್ಟ ಎತ್ತರದ ಕಲ್ಲುಗಳಿವೆ. ಬೀದಿಗೆ ಮುಖಮಾಡಿದ ಕಟ್ಟೆ, ಕಟ್ಟೆಯಲ್ಲಿ ಹುದುಗಿಸಿದ ಮಡಕೆಗಳು: ಬಿಸಿ ಊಟ ಮಾರುತ್ತಿದ್ದ ಅಂಗಡಿಗಳು, ನಮ್ಮ ದರ್ಶಿನಿಗಳ ಹಾಗೆ. 1863ರಿಂದ ಜುಸೆಪ್ಪೆ ಫಿಯೊರೆಲ್ಲಿ ಬೂದಿಯಲ್ಲಿ ಉಳಿದ ದೇಹಗಳ ಪೊಳ್ಳಿಗೆ ಪ್ಲಾಸ್ಟರ್ ಸುರಿದು ತೆಗೆದ ಆಕೃತಿಗಳ ಮುಂದೆ ಮಾತ್ರ ದಯವಿಟ್ಟು ಸೆಲ್ಫಿ ಬೇಡ. ಅವರು ಸತ್ತ ಮನುಷ್ಯರು.

ಪಾಂಪೇ, ಹರ್ಕುಲೇನಿಯಮ್, ಒಂದೇ ನೋಡಕ್ಕಾಗೋದು ಅಂದ್ರೆ ಯಾವುದು?

ನಡೆಯಬಲ್ಲವರಿಗೆ ಪಾಂಪೇ. ಸಮಯವೋ ಶಕ್ತಿಯೋ ಕಡಿಮೆ ಇದ್ದವರಿಗೆ ಹರ್ಕುಲೇನಿಯಮ್, ಅದೇ ಸ್ಫೋಟಕ್ಕೆ ಹೂತ ಇನ್ನೊಂದು ರೋಮನ್ ಊರು. ಅದೇ ರೈಲಿನಲ್ಲಿ ‘ಎರ್ಕೊಲಾನೊ ಸ್ಕಾವಿ’ ಸ್ಟೇಷನ್ನಿಗೆ ಇಳಿಯಿರಿ. ಸಣ್ಣದು, ಎರಡೂವರೆ ಗಂಟೆ ಸಾಕು. ಪಾಂಪೇ ಮೇಲೆ ಬಿದ್ದದ್ದು ಹಗುರವಾದ ನೊರೆಗಲ್ಲು, ಬೂದಿ. ಹರ್ಕುಲೇನಿಯಮ್ಮನ್ನು ಮುಚ್ಚಿದ್ದು ಕುದಿಯುವ ಅನಿಲ, ಬೂದಿಯ ಹೊನಲು. ಆ ಬಿಸಿಗೆ ಮರ ಇದ್ದಿಲಾಗಿ ಹಾಗೇ ಉಳಿಯಿತು. ತೊಲೆ, ಬಾಗಿಲು, ಮಂಚ ಅಲ್ಲಿ ಕಾಣಸಿಗುತ್ತವೆ.

ವೆಸೂವಿಯಸ್ ಮೇಲೆ ಹತ್ತಬಹುದಾ?

ಹತ್ತಬಹುದು. ಎತ್ತರ ಸುಮಾರು 1,280 ಮೀಟರ್. ಎರ್ಕೊಲಾನೊ ಅಥವಾ ಪಾಂಪೇಯಿಂದ ಬಸ್ಸು ಸುಮಾರು ಸಾವಿರ ಮೀಟರ್ ಎತ್ತರದವರೆಗೆ ಹೋಗುತ್ತದೆ, ಅಲ್ಲಿಂದ ಬಾಯಿಯ ಅಂಚಿಗೆ ಅರ್ಧ ಗಂಟೆ ಏರು. ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ, ಹೊತ್ತು ನಿಗದಿ. ಮೋಡ ಕವಿದ ದಿನ ಹೋಗಬೇಡಿ, ಬಿಳಿ ಮಂಜು ಬಿಟ್ಟು ಏನೂ ಕಾಣದು. ಕೊನೆಯ ಸಲ ಉಕ್ಕಿದ್ದು 1944ರಲ್ಲಿ.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದ್ದೀನಿ, ಅಮ್ಮನಿಗೆ ಮಂಡಿನೋವು. ಆಗತ್ತಾ?

ಆಗುತ್ತದೆ, ಯೋಜನೆ ಅವರ ಕಾಲಿನ ಲೆಕ್ಕಕ್ಕೆ ಮಾಡಿ. ಪಾಂಪೇಯಲ್ಲಿ ಗಾಲಿಕುರ್ಚಿಗೂ ಸಾಧ್ಯವಾಗುವ, ಮೂರು ಕಿಲೋಮೀಟರಿಗೂ ಉದ್ದದ ಸಮತಟ್ಟು ದಾರಿ ಮಾಡಿದ್ದಾರೆ. ಆಂಫಿಥಿಯೇಟರ್ ಚೌಕದ ಬಾಗಿಲಿನಿಂದ ಒಳಹೋಗಿ. ಬಿಟ್ಟರೆ ಕಲ್ಲುಹಾಸು ತೀರಾ ಏರುತಗ್ಗು. ವೆಸೂವಿಯಸ್ ಬೇಡ. ದಿನಕ್ಕೆ ಒಂದೇ ದೊಡ್ಡ ಜಾಗ, ಮಧ್ಯಾಹ್ನ ರೂಮಿಗೆ ಬಂದು ಮಲಗಿ, ಸಂಜೆ ಸಮುದ್ರದ ದಂಡೆಯ ವಾಹನವಿಲ್ಲದ ರಸ್ತೆಯಲ್ಲಿ ಕೂರಿಸಿ. ಆ ಸಂಜೆಯನ್ನೇ ಅವರು ಊರಿಗೆ ಬಂದು ನೆನೆಯುವುದು.

ಕಾಪ್ರಿ, ಅಮಾಲ್ಫಿ ಎರಡೂ ಒಂದೇ ದಿನ ಮುಗಿಸಬಹುದಾ?

ಬೇಡ. ಅಮಾಲ್ಫಿ ತೀರಕ್ಕೆ ಅಲ್ಲೇ ರಾತ್ರಿ ಉಳಿಯುವಂತಿದ್ದರೆ ಹೋಗಿ. ಕಾಪ್ರಿಗೆ ಬೆವೆರೆಲ್ಲೊ ಧಕ್ಕೆಯಿಂದ ವೇಗದ ದೋಣಿಯಲ್ಲಿ ಸುಮಾರು 50 ನಿಮಿಷ, ಬೇಸಿಗೆಯಲ್ಲಿ ಜಾತ್ರೆ. ನನ್ನನ್ನು ಕೇಳಿದರೆ ಪ್ರೊಚಿದಾ: ಪುಟ್ಟ ದ್ವೀಪ, ಬಣ್ಣಬಣ್ಣದ ಮೀನುಗಾರರ ಮನೆಗಳು, 2022ರಲ್ಲಿ ಇಟಲಿಯ ಸಾಂಸ್ಕೃತಿಕ ರಾಜಧಾನಿಯಾಗಿದ್ದ ಊರು.

## ಇನ್ನೂ ಒಳಹೊಕ್ಕು ನೋಡುವವರಿಗೆ

ಅಲ್ಲಿ ಈಗ ಭೂಕಂಪ ಆಗ್ತಿದ್ಯಂತಲ್ಲ, ಹೋಗೋದು ಸರಿನಾ?

ಸುದ್ದಿಯಲ್ಲಿ ಬರುತ್ತಿರುವುದು ವೆಸೂವಿಯಸ್ ಅಲ್ಲ, ಪಶ್ಚಿಮದ ಕಾಂಪಿ ಫ್ಲೆಗ್ರೇಯ್. ನೋಡಲು ಬೆಟ್ಟವಿಲ್ಲ, ಕುಸಿದ ದೊಡ್ಡ ಜ್ವಾಲಾಮುಖಿಯ ಬಟ್ಟಲೊಳಗೇ ಪೊಟ್ಸುವೋಲಿ ಪಟ್ಟಣ ಕೂತಿದೆ. ಅಲ್ಲಿ ಕೊನೆಯ ಸ್ಫೋಟ 1538ರಲ್ಲಿ, ಎಂಟೇ ದಿನದಲ್ಲಿ ಒಂದು ಹೊಸ ಗುಡ್ಡ ಎದ್ದಿತು. ನೆಲ ಉಬ್ಬುವುದು, ಇಳಿಯುವುದು ಅಲ್ಲಿ ಶತಮಾನಗಳಿಂದ ನಡೆದಿದೆ. ಈಗ ಮತ್ತೆ ಉಬ್ಬುತ್ತಿದೆ, ಅದರ ಜೊತೆ ಸಣ್ಣ ಪುಟ್ಟ ಕಂಪನ; 2024ರ ಮೇ ತಿಂಗಳಲ್ಲಿ 4.4 ತೀವ್ರತೆಯದೂ ಆಯಿತು. 1841ರಲ್ಲಿ ಆರಂಭವಾದ ವೆಸೂವಿಯಸ್ ವೀಕ್ಷಣಾಲಯ ಹಗಲಿರುಳು ಅಳೆಯುತ್ತಿದೆ. ಹೊರಡುವ ವಾರ ಅಧಿಕೃತ ಸೂಚನೆ ಓದಿ. ನಡುಗುವುದೇ ಮನಸ್ಸಿಗೆ ಆಗದು ಎನ್ನುವವರು ಪೊಟ್ಸುವೋಲಿಯಲ್ಲಿ ರೂಮ್ ಮಾಡಬೇಡಿ.

ಆದರೆ ಅಲ್ಲಿನ ರೋಮನ್ ಮಾರುಕಟ್ಟೆಯ ಮೂರು ಕಂಬಗಳನ್ನು ನೋಡದೆ ಬರಬೇಡಿ. ನೆಲದಿಂದ ಸುಮಾರು ಏಳು ಮೀಟರ್ ಎತ್ತರದವರೆಗೆ ಕಲ್ಲು ಕೊರೆಯುವ ಕಡಲಚಿಪ್ಪುಗಳ ತೂತು ಇವೆ. ಅಂದರೆ ಕಂಬ ನಿಂತ ಹಾಗೇ ಸಮುದ್ರಕ್ಕೆ ಇಳಿದು, ಮತ್ತೆ ಮೇಲೆದ್ದಿದೆ. ಚಾರ್ಲ್ಸ್ ಲಯೆಲ್ 1830ರಲ್ಲಿ ಭೂವಿಜ್ಞಾನದ ತನ್ನ ಪುಸ್ತಕದ ಮೊದಲ ಚಿತ್ರವಾಗಿ ಹಾಕಿದ್ದು ಇವನ್ನೇ. ರಸ್ತೆಯ ಕಂಬಿಯ ಬಳಿ ನಿಂತು ನೋಡಬಹುದು, ದುಡ್ಡಿಲ್ಲ.

ಪಾಂಪೇಲಿ ಲಕ್ಷ್ಮಿ ವಿಗ್ರಹ ಸಿಕ್ಕಿದೆ ಅಂತ ವಾಟ್ಸಾಪಲ್ಲಿ ಬಂದಿತ್ತು. ನಿಜನಾ?

ವಿಗ್ರಹ ನಿಜ, ಹೆಸರಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1938ರಲ್ಲಿ ಪಾಂಪೇಯ ಒಂದು ಮನೆಯಲ್ಲಿ ಸುಮಾರು 25 ಸೆಂಟಿಮೀಟರ್ ಎತ್ತರದ ದಂತದ ಹೆಣ್ಣುಪ್ರತಿಮೆ ಸಿಕ್ಕಿತು. ಕಾಲ ತುಂಬ ಕಡಗ, ಸೊಂಟಪಟ್ಟಿ, ಎರಡು ಪಕ್ಕದಲ್ಲಿ ಸಖಿಯರು. ಕೆಳಗೆ ಖರೋಷ್ಠಿ ಎಂಬ ಪ್ರಾಚೀನ ಭಾರತದ ಲಿಪಿಯ ಗುರುತು. ಭಾರತದಲ್ಲೇ ಮಾಡಿದ್ದು ಎಂಬುದರಲ್ಲಿ ಅನುಮಾನವಿಲ್ಲ. ಇದನ್ನೇ ಹೋಲುವ ದಂತದ ಗೊಂಬೆ ಮಹಾರಾಷ್ಟ್ರದ ಭೋಕರ್ದನ್‌ನಲ್ಲೂ ಸಿಕ್ಕಿದೆ. ಲಕ್ಷ್ಮಿ ಎಂದು ಮೊದಲು ಕರೆದರು, ಯಕ್ಷಿ ಇರಬೇಕೆಂಬ ವಾದ ಈಗ ಬಲವಾಗಿದೆ. ಮೇಲಿಂದ ಕೊರೆದ ತೂತು ನೋಡಿದರೆ ಪೂಜೆಯ ಮೂರ್ತಿಗಿಂತ ಪೀಠೋಪಕರಣದ ಕಾಲೋ ಕನ್ನಡಿಯ ಹಿಡಿಯೋ ಆಗಿದ್ದಿರಬಹುದು.

ನೇಪಲ್ಸಿನ ಪುರಾತತ್ವ ಮ್ಯೂಸಿಯಮ್ಮಿನ ‘ರಹಸ್ಯ ಕೋಣೆ’ಯಲ್ಲಿ ಅದನ್ನು ಇರಿಸಿದ್ದಾರೆ. ಆ ಕೋಣೆಯ ತುಂಬ ಪಾಂಪೇಯ ಶೃಂಗಾರದ ಚಿತ್ರಗಳಿವೆ, ಮಕ್ಕಳು ಜೊತೆಗಿದ್ದರೆ ಮೊದಲೇ ತಿಳಿದಿರಲಿ. ಕೋಣೆ ತೆರೆದಿದೆಯೇ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ.

ಹಾಗಾದ್ರೆ ನಮ್ಮ ಕಡೆಗೂ ಈ ಊರಿಗೂ ಆಗಲೇ ವ್ಯಾಪಾರ ಇತ್ತಾ?

ಇತ್ತು, ಅದರ ಲೆಕ್ಕ ಬರೆದಿಟ್ಟವನು ಸತ್ತದ್ದೂ ಈ ಕೊಲ್ಲಿಯಲ್ಲೇ. ಹಿರಿಯ ಪ್ಲಿನಿ ಎಂಬ ರೋಮನ್ ಲೇಖಕ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ಗೊಣಗಿದ್ದ. ಮಲಬಾರಿನ ಮುಜಿರಿಸ್ ಬಂದರಿನ ಹತ್ತಿರ ‘ನಿತ್ರಿಯಾಸ್’ ಎಂಬಲ್ಲಿನ ಕಡಲ್ಗಳ್ಳರ ಕಾಟವನ್ನೂ ಬರೆದಿದ್ದಾನೆ. ಆ ನಿತ್ರಿಯಾಸ್ ನಮ್ಮ ನೇತ್ರಾವತಿಯ ಮುಖ, ಅಂದರೆ ಮಂಗಳೂರಿನ ಕಡೆ, ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ಇತ್ತ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ನೆಲದಿಂದ ಎದ್ದಿವೆ.

ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಸಿಡಿದು ಪಾಂಪೇಯನ್ನು ಹೂತಾಗ ಪ್ಲಿನಿ ಮಿಸೇನಮ್‌ನಲ್ಲಿ ನೌಕಾಪಡೆಯ ದಂಡನಾಯಕ. ಜನರನ್ನು ಬಿಡಿಸಲು ಹಡಗು ಹತ್ತಿ ಹೋದವನು ಸ್ಟಾಬಿಯೆ ದಂಡೆಯಲ್ಲಿ ಬೂದಿ, ಹೊಗೆಯ ನಡುವೆ ಕುಸಿದ. ಸೋದರಳಿಯ ಬರೆದ ಪತ್ರಗಳಿಂದ ನಮಗೆ ಅದು ಗೊತ್ತು.

ನಮ್ಮ ಮೆಣಸು ಅಲೆಕ್ಸಾಂಡ್ರಿಯಾ ದಾಟಿ ಇಳಿಯುತ್ತಿದ್ದ ದೊಡ್ಡ ಬಂದರುಗಳಲ್ಲಿ ಪೊಟ್ಸುವೋಲಿಯೂ ಒಂದು. ಮೊಂತೆಸಾಂತೊ ಸ್ಟೇಷನ್ನಿನಿಂದ ‘ಕುಮಾನಾ’ ರೈಲು ಹಿಡಿದರೆ ಅಲ್ಲಿಗೆ ಅರ್ಧ ದಿನದ ತಿರುಗಾಟ. ಬಂದರಿನಲ್ಲಿ ನೆಲ ಉಬ್ಬಿ ನೀರು ಹಿಂದೆ ಸರಿದಿದೆ. ಮೊದಲು ತೇಲುತ್ತಿದ್ದ ಸಣ್ಣ ದೋಣಿಗಳು ಕೆಸರಿನ ಮೇಲೆ ಕೂತಿರುವುದು ಕಾಣುತ್ತದೆ. ಮಿಸೇನಮ್ ಅಲ್ಲಿಂದ ಕೊಲ್ಲಿಯ ಆಚೆ ತುದಿ, ಬೆಳಕಿದ್ದಾಗ ಹೋದರೆ ಚೆನ್ನಾಗಿ ಕಾಣುತ್ತದೆ.